ಮರವಿಲ್ಲದ ನಾಡಿನ ಜನ: ಇನುಯಿಟ್ ಬದುಕು ಹೇಗೆ ನಡೆಯುತ್ತಿತ್ತು?

ಗ್ರೀನ್‌ಲ್ಯಾಂಡ್ ತಮಗೆ ಬೇಕು ಎಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರಲ್ಲಿ ಮತ್ತೆ ಹೇಳಲು ಶುರು ಮಾಡಿದ ಮೇಲೆ ಆ ದ್ವೀಪ ನಮ್ಮ ಟಿವಿ, ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಖನಿಜ, ಸೇನಾ ನೆಲೆ, ಹಡಗಿನ ದಾರಿ, ಇದೇ ಮಾತು ಜಾಸ್ತಿ. ಅಲ್ಲಿರುವ ಸುಮಾರು 57 ಸಾವಿರ ಜನರ ಬಗ್ಗೆ ಕೇಳಿದ್ದು ಕಡಿಮೆ. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಇನುಯಿಟ್ ಜನ. ನಮ್ಮಲ್ಲಿ ಹೆಚ್ಚಿನವರಿಗೆ ಇವರ ಪರಿಚಯ ಆಗುವುದು ಮಕ್ಕಳ ಅಕ್ಷರ ಚಾರ್ಟಿನ 'ಐ ಫಾರ್ ಇಗ್ಲೂ' ಚಿತ್ರದಲ್ಲಿ. ಅಲ್ಲಿಗೇ ಮುಗಿದೂ ಹೋಗುತ್ತದೆ.

ಆ ಚಳಿಯಲ್ಲಿ ಇವರು ಏನು ಉಡುತ್ತಿದ್ದರು, ಏನು ತಿನ್ನುತ್ತಿದ್ದರು, ಬೆಂಕಿಗೆ ಏನು ಮಾಡುತ್ತಿದ್ದರು? ಅವರ ಕಲೆ ಎಂತಹದು? ಬುಡದಿಂದಲೇ ನೋಡೋಣ.

## ಯಾರು, ಎಲ್ಲಿದ್ದಾರೆ?

ಇನುಯಿಟ್ ಜನ ಒಂದೇ ದೇಶದವರಲ್ಲ. ರಷ್ಯಾದ ಪೂರ್ವ ತುದಿಯ ಚುಕೋಟ್ಕಾ, ಅಮೆರಿಕದ ಅಲಾಸ್ಕಾ, ಕೆನಡಾದ ಉತ್ತರ ಭಾಗ ಮತ್ತು ಗ್ರೀನ್‌ಲ್ಯಾಂಡ್, ಈ ನಾಲ್ಕೂ ಕಡೆ ಹರಡಿಕೊಂಡಿದ್ದಾರೆ. ಎಲ್ಲ ಸೇರಿದರೆ ಸುಮಾರು 1 ಲಕ್ಷ 80 ಸಾವಿರ ಜನ. ಕೆನಡಾದಲ್ಲಿ ನುನಾವುಟ್ ಎಂಬ ದೊಡ್ಡ ಪ್ರದೇಶಕ್ಕೆ 1999ರ ಏಪ್ರಿಲ್ 1ರಿಂದ ಪ್ರತ್ಯೇಕ ಸರ್ಕಾರ ಇದೆ. ಅಲ್ಲಿ ಬಹುಸಂಖ್ಯಾತರು ಇವರೇ. ಹಳೆಯ ಪುಸ್ತಕಗಳಲ್ಲಿ 'ಎಸ್ಕಿಮೋ' ಎಂದಿರುತ್ತದೆ. ಕೆನಡಾ, ಗ್ರೀನ್‌ಲ್ಯಾಂಡ್‌ಗಳಲ್ಲಿ ಅದನ್ನು ಅವಮಾನ ಎಂದೇ ನೋಡುವುದರಿಂದ ಈಗ ಬಳಸುವುದಿಲ್ಲ.

ಇವರ ಹಿರಿಯರನ್ನು ಇತಿಹಾಸಕಾರರು ತೂಲೆ ಜನ ಎನ್ನುತ್ತಾರೆ. ಸುಮಾರು ಸಾವಿರ ವರ್ಷಗಳ ಹಿಂದೆ ಅಲಾಸ್ಕಾ ಕಡೆಯಿಂದ ಪೂರ್ವಕ್ಕೆ ಹೊರಟವರು ಗ್ರೀನ್‌ಲ್ಯಾಂಡ್‌ವರೆಗೆ ಹಬ್ಬಿದರು. ನಾಯಿ ಎಳೆಯುವ ಜಾರುಬಂಡಿ, ಚರ್ಮದ ದೋಣಿ, ದೊಡ್ಡ ತಿಮಿಂಗಿಲವನ್ನೂ ಬೇಟೆಯಾಡುವ ಕೌಶಲ ಅವರ ಜೊತೆಗಿತ್ತು. ಭಾಷೆಯೂ ಹಾಗೇ ಉದ್ದಕ್ಕೆ ಹರಿದಿದೆ. ಕ್ನುಡ್ ರಾಸ್‌ಮುಸೆನ್ ಎಂಬ ಸಂಶೋಧಕ ಗ್ರೀನ್‌ಲ್ಯಾಂಡ್‌ನಲ್ಲಿ ಹುಟ್ಟಿ ಅಲ್ಲಿನ ಭಾಷೆ ಆಡುತ್ತಲೇ ಬೆಳೆದವನು. 1921ರಿಂದ 1924ರವರೆಗಿನ ಪ್ರವಾಸದಲ್ಲಿ ಅವನು ನಾಯಿಬಂಡಿಯಲ್ಲಿ ಕೆನಡಾ ದಾಟಿ ಅಲಾಸ್ಕಾ ತಲುಪಿದ. ದಾರಿಯುದ್ದಕ್ಕೂ ತನ್ನ ಮನೆಮಾತಿನ ಬಲದಿಂದಲೇ ಜನರೊಡನೆ ಮಾತಾಡಿದ.

## ಮರ ಇಲ್ಲದಿದ್ದರೆ ಏನೇನು ಇರುವುದಿಲ್ಲ?

ಆರ್ಕ್ಟಿಕ್ ಎಂದರೆ ಚಳಿ ಎಂದು ಎಲ್ಲರಿಗೂ ಗೊತ್ತು. ಆದರೆ ಇವರ ಬದುಕು ಅರ್ಥವಾಗಬೇಕಾದರೆ ಚಳಿಗಿಂತ ಮೊದಲು ನೆನಪಿಡಬೇಕಾದದ್ದು ಇನ್ನೊಂದು. ಅಲ್ಲಿ ಬಹುಪಾಲು ಕಡೆ ಮರಗಳೇ ಇಲ್ಲ. ನೆಲದ ಮೇಲ್ಪದರದ ಕೆಳಗೆ ವರ್ಷವಿಡೀ ಹೆಪ್ಪುಗಟ್ಟಿದ ಮಣ್ಣು. ಬೇಸಿಗೆ ಬಲು ಚಿಕ್ಕದು. ಪಾಚಿ, ಕಲ್ಲುಹೂವು, ನೆಲಕ್ಕೆ ಅಂಟಿಕೊಂಡ ಕುರುಚಲು ಗಿಡ, ಇಷ್ಟೇ ಬೆಳೆಯುತ್ತದೆ.

ಮರ ಇಲ್ಲ ಎಂದರೆ ಸೌದೆ ಇಲ್ಲ. ಮನೆಗೆ ತೊಲೆ ಇಲ್ಲ, ದೋಣಿಗೆ ಹಲಗೆ ಇಲ್ಲ. ಬೇಸಾಯದ ಮಾತೇ ಇಲ್ಲ, ಹಾಗಾಗಿ ಹತ್ತಿ ಇಲ್ಲ, ಧಾನ್ಯ ಇಲ್ಲ. ಸಿಗುತ್ತಿದ್ದ ಮರವೆಂದರೆ ದೂರದ ನದಿಗಳಿಂದ, ಅದರಲ್ಲೂ ಸೈಬೀರಿಯಾದ ನದಿಗಳಿಂದ, ಸಮುದ್ರದಲ್ಲಿ ತೇಲಿ ದಡಕ್ಕೆ ಬಂದ ದಿಮ್ಮಿಗಳು. ಅದು ಚಿನ್ನದಂತಹ ಮಾಲು, ಸುಡಲು ಮನಸ್ಸು ಬರುವಂತಹದಲ್ಲ.

ಈ ಎಲ್ಲ ಕೊರತೆಯನ್ನು ತುಂಬಿದ್ದು ಪ್ರಾಣಿಗಳು. ಮುಖ್ಯವಾಗಿ ಎರಡು. ಒಂದು ಸೀಲ್, ಅಂದರೆ ನೀರಿನಲ್ಲಿ ಈಜುವ, ಗಾಳಿ ಉಸಿರಾಡುವ ಕಡಲ ಪ್ರಾಣಿ. ಇನ್ನೊಂದು ಕ್ಯಾರಿಬೂ, ಅಂದರೆ ಹಿಂಡುಹಿಂಡಾಗಿ ವಲಸೆ ಹೋಗುವ ಹಿಮಸಾರಂಗ. ಸೀಲ್‌ನಿಂದ ಮಾಂಸ, ಎಣ್ಣೆ, ನೀರು ಒಳಬಿಡದ ಚರ್ಮ. ಕ್ಯಾರಿಬೂನಿಂದ ಬೆಚ್ಚನೆಯ ತುಪ್ಪಳ, ಹೊಲಿಯಲು ಸ್ನಾಯುವಿನ ನಾರು, ಉಪಕರಣಕ್ಕೆ ಕೊಂಬು.

## ಒಲೆ, ದೀಪ, ಹೀಟರ್: ಎಲ್ಲವೂ ಒಂದೇ

ಸೌದೆ ಇಲ್ಲದ ಮನೆಯಲ್ಲಿ ಉರಿಯುತ್ತಿದ್ದದ್ದು ಕುಲ್ಲಿಕ್ ಎಂಬ ದೀಪ. ಅರ್ಧಚಂದ್ರದ ಆಕಾರದ, ತಟ್ಟೆಯಂತೆ ತಗ್ಗಾಗಿ ಕೆತ್ತಿದ ಕಲ್ಲು. ನಾವು ಬಳಪದ ಕಲ್ಲು ಎನ್ನುವ ಜಾತಿಯದೇ. ಬೇಲೂರು, ಹಳೇಬೀಡಿನ ಶಿಲ್ಪಗಳು ಆಗಿರುವುದೂ ಈ ಜಾತಿಯ ಕಲ್ಲಿನಲ್ಲೇ. ಮೆದುವಾಗಿರುವುದರಿಂದ ಕೆತ್ತುವುದು ಸುಲಭ. ಕಾದರೆ ಒಡೆಯುವುದಿಲ್ಲ, ಬಿಸಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆ.

ಸೀಲ್‌ನ ಚರ್ಮದ ಕೆಳಗಿನ ದಪ್ಪ ಕೊಬ್ಬನ್ನು ಜಜ್ಜಿ ಎಣ್ಣೆ ತೆಗೆಯುತ್ತಿದ್ದರು. ಒಣ ಪಾಚಿ ಮತ್ತು ಹತ್ತಿಯಂತಹ ಒಂದು ಕಾಡುಹೂವಿನ ಎಳೆಗಳನ್ನು ಬೆರೆಸಿದರೆ ಅದೇ ಬತ್ತಿ. ಅದನ್ನು ಕಲ್ಲಿನ ನೇರ ಅಂಚಿನುದ್ದಕ್ಕೂ ಸಾಲಾಗಿ ಇಟ್ಟು ಹಚ್ಚುತ್ತಿದ್ದರು. ಬತ್ತಿ ಹೊಗೆಯಾಡದಂತೆ ಕಡ್ಡಿಯಿಂದ ಆಗಾಗ ಸರಿಪಡಿಸುತ್ತಿರಬೇಕು. ಈ ಕೆಲಸ ಹೆಂಗಸರದು. ದೀಪದ ಮೇಲೆ ಕಲ್ಲಿನ ಪಾತ್ರೆ ನೇತುಬಿಟ್ಟರೆ ಅಡುಗೆ, ಅದರ ಮೇಲಿನ ಅಟ್ಟಣೆಯಲ್ಲಿ ಒದ್ದೆ ಬೂಟು ಒಣಗಿಸುವುದು. ಹಿಮ ಕರಗಿಸಿ ಕುಡಿಯುವ ನೀರು ಮಾಡುವುದೂ ಇದರಲ್ಲೇ. ಸುತ್ತ ಹಿಮ ಬೇಕಾದಷ್ಟಿದ್ದರೂ ಎಣ್ಣೆ ಮುಗಿದರೆ ಕುಡಿಯಲು ನೀರಿಲ್ಲ.

ನುನಾವುಟ್‌ನ ಇಗ್ಲೂಲಿಕ್ ಊರಿನಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಮೂಡುವುದೇ ಇಲ್ಲ. ಮತ್ತೆ ಮೊದಲ ಸಲ ಕಂಡ ದಿನ ಹಳೆಯ ದೀಪಗಳನ್ನೆಲ್ಲ ಆರಿಸಿ ಹೊಸದಾಗಿ ಹಚ್ಚುವ ಸಂಪ್ರದಾಯ ಅಲ್ಲಿದೆ. ಸೂರ್ಯನನ್ನು ನೋಡಿ ನಗಬೇಕು, ಆದರೆ ಅರ್ಧ ಮುಖದಲ್ಲಿ ಮಾತ್ರ. ಸೂರ್ಯ ಬಂದರೂ ಚಳಿ ಇನ್ನೂ ಹೋಗಿಲ್ಲವಲ್ಲ!

## ಹಿಮದ ಮನೆ ಬೆಚ್ಚಗಿರುವುದು ಹೇಗೆ?

ಎಲ್ಲ ಇನುಯಿಟ್ ಜನರೂ ಸದಾ ಇಗ್ಲೂನಲ್ಲೇ ಇರುತ್ತಿದ್ದರು ಎಂದುಕೊಂಡಿದ್ದರೆ ಅದು ತಪ್ಪು. ಹಿಮದ ಗುಮ್ಮಟ ಮುಖ್ಯವಾಗಿ ಕೆನಡಾದ ಮಧ್ಯ ಮತ್ತು ಪೂರ್ವ ಆರ್ಕ್ಟಿಕ್‌ನ ಚಳಿಗಾಲದ ಮನೆ. ಗ್ರೀನ್‌ಲ್ಯಾಂಡ್ ಮತ್ತು ಅಲಾಸ್ಕಾದಲ್ಲಿ ಕಲ್ಲು, ಹುಲ್ಲುಹೆಂಟೆ, ತಿಮಿಂಗಿಲದ ಮೂಳೆ, ತೇಲಿಬಂದ ಮರ ಸೇರಿಸಿ ಅರ್ಧ ನೆಲದೊಳಗೆ ಕಟ್ಟಿದ ಮನೆಗಳೇ ಹೆಚ್ಚು. ಬೇಸಿಗೆಯಲ್ಲಿ ಎಲ್ಲರೂ ಚರ್ಮದ ಡೇರೆಯಲ್ಲಿ.

ಇಗ್ಲೂಗೆ ಯಾವುದೋ ಹಿಮ ಆಗುವುದಿಲ್ಲ. ಈಗಷ್ಟೇ ಬಿದ್ದ ಹಿಮ ಪುಡಿಪುಡಿ, ನಿಲ್ಲದು. ಗಾಳಿಗೆ ಗಟ್ಟಿಯಾಗಿ ಒತ್ತಿಕೊಂಡ, ಒಂದೇ ಗಾಳಿಯಲ್ಲಿ ಕೂಡಿಕೊಂಡ ರಾಶಿ ಬೇಕು. ಬೇಟೆಗಾರ ಕೋಲಿನಿಂದ ಚುಚ್ಚಿ ಪರೀಕ್ಷೆ ಮಾಡುತ್ತಾನೆ. ಆಮೇಲೆ ಉದ್ದನೆಯ ಹಿಮಚಾಕುವಿನಿಂದ ಇಟ್ಟಿಗೆಗಳನ್ನು ಕತ್ತರಿಸುತ್ತಾನೆ. ಮನೆ ಎಲ್ಲಿ ಏಳಬೇಕೋ ಆ ವೃತ್ತದ ಒಳಗಿನಿಂದಲೇ ಹಿಮ ತೆಗೆಯುವುದರಿಂದ ಒಂದು ಕಡೆ ಗೋಡೆ ಏಳುತ್ತದೆ, ಇನ್ನೊಂದು ಕಡೆ ನೆಲ ಇಳಿಯುತ್ತದೆ. ಕಟ್ಟುವವನು ಒಳಗೇ ನಿಂತಿರುತ್ತಾನೆ.

ಗುಟ್ಟು ಇರುವುದು ಮೊದಲ ಸಾಲಿನಲ್ಲಿ. ಆ ಸಾಲನ್ನು ಇಳಿಜಾರಾಗಿ ಕತ್ತರಿಸುತ್ತಾರೆ. ಅದರ ಮೇಲೆ ಜೋಡಿಸುತ್ತ ಹೋದರೆ ಇಟ್ಟಿಗೆಗಳು ಸುರುಳಿಯಾಗಿ ಮೇಲೇರುತ್ತವೆ. ಪ್ರತಿ ಇಟ್ಟಿಗೆಯೂ ಒಳಕ್ಕೆ ವಾಲಿಕೊಂಡು ಪಕ್ಕದ್ದಕ್ಕೆ ಒರಗಿ ನಿಲ್ಲುತ್ತದೆ. ಹಾಗಾಗಿ ಆಸರೆಯ ಕಂಬ ಬೇಕಿಲ್ಲ. ಇರುವುದೂ ಇಲ್ಲ, ಮರ ಎಲ್ಲಿದೆ? ತುದಿಯ ತೂತಿಗೆ ಕೊನೆಯ ಇಟ್ಟಿಗೆ ಕೂತರೆ ಮುಗಿಯಿತು. ನುರಿತವರಿಗೆ ಒಂದೆರಡು ಗಂಟೆಯ ಕೆಲಸ.

ಬೆಚ್ಚಗಿರಲು ಕಾರಣ ಎರಡು. ಹಿಮದ ಇಟ್ಟಿಗೆಯೊಳಗೆ ಸಣ್ಣಸಣ್ಣ ಗಾಳಿಯ ಗೂಡುಗಳಿರುತ್ತವೆ. ಹಾಗೆ ಸಿಕ್ಕಿಕೊಂಡ ಗಾಳಿ ಬಿಸಿಯನ್ನು ಸುಲಭಕ್ಕೆ ಹೊರಬಿಡುವುದಿಲ್ಲ. ಎರಡನೆಯದು, ಬಿಸಿ ಗಾಳಿ ಮೇಲೇರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಅದಕ್ಕೇ ಬಾಗಿಲಿನ ಸುರಂಗವನ್ನು ನೆಲಕ್ಕಿಂತ ತಗ್ಗಿನಲ್ಲಿ ಮಾಡಿ, ಮಲಗುವ ಜಗಲಿಯನ್ನು ಎತ್ತರದಲ್ಲಿ ಇಡುತ್ತಾರೆ. ಚಳಿ ತಗ್ಗಿನಲ್ಲೇ ಉಳಿಯುತ್ತದೆ, ಜನ ಬಿಸಿ ಗಾಳಿಯಲ್ಲಿ ಮಲಗುತ್ತಾರೆ. ದೀಪ ಹಚ್ಚಿದಾಗ ಗೋಡೆಯ ಒಳಮೈ ತುಸು ಕರಗಿ ಮತ್ತೆ ಹೆಪ್ಪುಗಟ್ಟುತ್ತದೆ. ಆಗ ಗೋಡೆಗೆ ಗಾರೆ ಮಾಡಿದಂತಾಗಿ ಮನೆ ಇನ್ನೂ ಗಟ್ಟಿ. ಹೊರಗೆ ಮೈನಸ್ 40 ಡಿಗ್ರಿ ಇದ್ದರೂ ಒಳಗೆ ಸೊನ್ನೆಯ ಆಸುಪಾಸು ಇರಬಲ್ಲದು. ಉಸಿರುಗಟ್ಟದಂತೆ ಮೇಲೊಂದು ಗಾಳಿಕಂಡಿ, ಬೆಳಕಿಗೆ ಸಮುದ್ರದ ಅಥವಾ ಕೆರೆಯ ಮಂಜುಗಡ್ಡೆಯ ಒಂದು ಹಲಗೆ.

## ಸೂಜಿ ಹಿಡಿದವಳ ಕೈಯಲ್ಲಿ ಜೀವ

ಇಗ್ಲೂ ಎಲ್ಲರ ಕಣ್ಣಿಗೆ ಬೀಳುತ್ತದೆ. ನನ್ನನ್ನು ಕೇಳಿದರೆ ಅದಕ್ಕಿಂತ ದೊಡ್ಡ ಕೌಶಲ ಇವರ ಹೊಲಿಗೆ. ಮನೆ ಇಲ್ಲದೆ ಒಂದು ರಾತ್ರಿ ಹೇಗೋ ಕಳೆಯಬಹುದು, ಹರಿದ ಬಟ್ಟೆಯಲ್ಲಿ ಆಗದು.

ಚಳಿಗಾಲದ ಉಡುಪು ಕ್ಯಾರಿಬೂ ಚರ್ಮದ್ದು, ಎರಡು ಪದರ. ಒಳಗಿನದರ ತುಪ್ಪಳ ಮೈಕಡೆಗೆ, ಹೊರಗಿನದರ ತುಪ್ಪಳ ಆಚೆಗೆ. ಕ್ಯಾರಿಬೂ ಕೂದಲು ಒಳಗೆ ಟೊಳ್ಳು, ಅದರಲ್ಲೂ ಗಾಳಿ ತುಂಬಿರುತ್ತದೆ. ಹಿಮದ ಇಟ್ಟಿಗೆಯಲ್ಲಿ ನಡೆದದ್ದೇ ಇಲ್ಲೂ ನಡೆಯುತ್ತದೆ. ಯಾವ ಚರ್ಮವಾದರೂ ನಡೆಯುತ್ತದೆ ಎಂದೇನಲ್ಲ. ಬೇಸಿಗೆಯ ಕೊನೆಯಲ್ಲಿ, ಹೊಸ ಕೂದಲು ಹದವಾಗಿ ಬಂದಿರುವಾಗ ಸಿಕ್ಕಿದ್ದೇ ಬಟ್ಟೆಗೆ ಲೇಸು.

ಅಲ್ಲಿ ಚಳಿಯಷ್ಟೇ ಅಪಾಯ ಬೆವರು. ಒದ್ದೆಯಾದ ಬಟ್ಟೆ ಬಿಸಿ ಹಿಡಿಯುವುದಿಲ್ಲ. ಅದಕ್ಕೇ ಮೇಲಂಗಿಗೆ ಮುಂದೆ ಗುಂಡಿ ಇಲ್ಲ, ತಲೆಯಿಂದ ಇಳಿಸಿಕೊಳ್ಳಬೇಕು. ಸೆಕೆಯಾದರೆ ಕುಲಾವಿ ಹಿಂದಕ್ಕೆ ಸರಿಸಿದರೆ ಸಾಕು, ಬಿಸಿ ಗಾಳಿ ಕತ್ತಿನಿಂದ ಹೊರಟುಹೋಗುತ್ತದೆ.

ನೀರಿನ ಹತ್ತಿರದ ಕೆಲಸಕ್ಕೆ ಸೀಲ್ ಚರ್ಮದ ಬೂಟು. ದಾರ ಎಂದರೆ ಕ್ಯಾರಿಬೂ ಬೆನ್ನಿನ ನಾರು. ನೀರು ತಾಗಿದಾಗ ಅದು ಉಬ್ಬಿ ಸೂಜಿಯ ತೂತನ್ನು ತಾನೇ ಮುಚ್ಚುತ್ತದೆ. ನುರಿತ ಹೆಂಗಸರು ಸೂಜಿಯನ್ನು ಚರ್ಮದ ಆಚೆ ಬದಿಗೆ ಹಾಯಿಸದೆ, ಅರ್ಧ ದಪ್ಪದಲ್ಲೇ ಹೊಲಿಗೆ ಹಾಕುತ್ತಿದ್ದರು. ತೂತೇ ಇಲ್ಲದ ಮೇಲೆ ನೀರು ಬರುವುದೆಲ್ಲಿಂದ? ಬೂಟಿನ ಗಟ್ಟಿ ಅಟ್ಟೆಯನ್ನು ಮೆದು ಮಾಡಲು ಹಲ್ಲಿನಿಂದ ಅಗಿಯುತ್ತಿದ್ದರು. ಹಾಗೆ ಅಗಿದೂ ಅಗಿದೂ ಅಜ್ಜಿಯರ ಹಲ್ಲು ಸವೆದುಹೋಗುತ್ತಿತ್ತು. ಚರ್ಮ ಕತ್ತರಿಸಲು, ಹೆರೆಯಲು, ಮಾಂಸ ಕೊಯ್ಯಲು ಉಲು ಎಂಬ ಅರ್ಧಚಂದ್ರದ ಚಾಕು. ಅದು ಈಗಲೂ ಅಡುಗೆಮನೆಗಳಲ್ಲಿದೆ.

ತಾಯಂದಿರ ಮೇಲಂಗಿಯ ಹೆಸರು ಅಮೌತಿ. ಅದರ ಬೆನ್ನಿಗೆ ಮಗು ಕೂರುವ ಚೀಲ. ಮಗು ತಾಯಿಯ ಮೈಗೆ ಅಂಟಿಕೊಂಡಿರುತ್ತದೆ. ಭುಜ ಅಗಲವಾಗಿರುವುದರಿಂದ ಮಗುವನ್ನು ಒಳಗೇ ಮುಂದಕ್ಕೆ ತಿರುಗಿಸಿ ಹಾಲೂಡಿಸಬಹುದು, ಚಳಿಗೆ ತೆರೆದಿಡಬೇಕಿಲ್ಲ.

## ಬೇಟೆ, ಊಟ, ಪಾಲು

ಚಳಿಗಾಲದಲ್ಲಿ ಸಮುದ್ರದ ಮೇಲೆಲ್ಲ ಮಂಜುಗಡ್ಡೆ. ಕೆಳಗಿರುವ ಸೀಲ್‌ಗೆ ಉಸಿರಾಡಲು ಗಾಳಿ ಬೇಕು. ಅದು ತನ್ನ ಉಗುರಿನಿಂದ ಗಡ್ಡೆಯಲ್ಲಿ ಹಲವು ತೂತುಗಳನ್ನು ಕೊರೆದು ಇಟ್ಟುಕೊಂಡಿರುತ್ತದೆ. ಮೇಲೆ ಹಿಮ ಮುಚ್ಚಿದ ತೂತನ್ನು ನಾಯಿ ಮೂಸಿ ಹುಡುಕುತ್ತದೆ. ಬೇಟೆಗಾರ ಅಲ್ಲಿ ಗಂಟೆಗಟ್ಟಲೆ ಕದಲದೆ ನಿಲ್ಲುತ್ತಾನೆ. ಹಿಮದ ಮೇಲೆ ಹೆಜ್ಜೆ ಕಿರುಗುಟ್ಟಿದರೂ ಸೀಲ್ ಬೇರೆ ತೂತಿಗೆ ಹೋಗಿಬಿಡುತ್ತದೆ. ತೂತಿನಲ್ಲಿ ಇಟ್ಟ ಸಣ್ಣ ಕಡ್ಡಿ ಅಲುಗಿದ ಕೂಡಲೇ ಈಟಿ. ಅದರ ಮೊನೆ ಹಿಡಿಯಿಂದ ಕಳಚಿಕೊಂಡು ಚರ್ಮದ ಕೆಳಗೆ ಅಡ್ಡಕ್ಕೆ ತಿರುಗುತ್ತದೆ. ಮೊನೆಗೆ ಕಟ್ಟಿದ ಹಗ್ಗ ಬೇಟೆಗಾರನ ಕೈಯಲ್ಲಿರುತ್ತದೆ.

ಬೇಸಿಗೆಯ ತೆರೆದ ನೀರಿನಲ್ಲಿ ಕಯಾಕ್. ಈಗ ಜಗತ್ತಿನ ಎಲ್ಲೆಡೆ ಪ್ಲಾಸ್ಟಿಕ್‌ನಲ್ಲಿ ಸಿಗುವ ಆ ಆಟದ ದೋಣಿ ಮೂಲದಲ್ಲಿ ಬೇಟೆಯ ದೋಣಿ. ತೇಲಿಬಂದ ಮರದ ಸಣ್ಣ ಚೌಕಟ್ಟಿಗೆ ಸೀಲ್ ಚರ್ಮ ಹೊಲಿದದ್ದು.

ತರಕಾರಿ ಇಲ್ಲದೆ ವಿಟಮಿನ್ ಸಿ ಎಲ್ಲಿಂದ ಬರುತ್ತಿತ್ತು? ಹಳೆಯ ಕಾಲದ ಯೂರೋಪಿನ ನಾವಿಕರು ಅದೇ ಕೊರತೆಯಿಂದ ಒಸಡಿನಲ್ಲಿ ರಕ್ತ ಸುರಿದು ಸಾಯುತ್ತಿದ್ದರು. ಇನುಯಿಟ್ ಜನ ಸಾಯಲಿಲ್ಲ. ಉತ್ತರ ಇರುವುದು ಹಸಿ ಮಾಂಸದಲ್ಲಿ. ಪ್ರಾಣಿಯ ಯಕೃತ್ತಿನಲ್ಲಿ, ತಿಮಿಂಗಿಲದ ಚರ್ಮದಲ್ಲಿ ವಿಟಮಿನ್ ಸಿ ಇದೆ. ಬೇಯಿಸಿದರೆ ಹಾಳಾಗುತ್ತದೆ, ಹಸಿಯಾಗಿ ತಿಂದರೆ ಉಳಿಯುತ್ತದೆ. ಚರ್ಮವನ್ನೂ ಅದರ ಕೊಬ್ಬನ್ನೂ ಸೇರಿಸಿ ಕತ್ತರಿಸಿದ ಮಕ್ತಾಕ್ ಇಂದಿಗೂ ಅಲ್ಲಿನ ಇಷ್ಟದ ತಿನಿಸು. ಆದರೆ ಹಿಮಕರಡಿಯ ಯಕೃತ್ತನ್ನು ಮುಟ್ಟುವುದಿಲ್ಲ. ಅದರಲ್ಲಿ ವಿಟಮಿನ್ ಎ ವಿಷವಾಗುವಷ್ಟು ಜಾಸ್ತಿ. ವಿಟಮಿನ್ ಎಂಬ ಮಾತು ಹುಟ್ಟುವ ಮೊದಲೇ ಅವರಿಗೆ ಇದು ಗೊತ್ತಿತ್ತು.

ಸಿಕ್ಕ ಪ್ರಾಣಿ ಬೇಟೆಗಾರನೊಬ್ಬನದಲ್ಲ. ಯಾವ ಭಾಗ ಯಾರಿಗೆ ಎಂಬುದಕ್ಕೆ ಕಟ್ಟುಪಾಡು ಇತ್ತು. ಕೆಲವು ಕಡೆ ಹುಟ್ಟಿನಿಂದಲೇ ನಿಗದಿಯಾದ ಪಾಲುದಾರರು ಇರುತ್ತಿದ್ದರು. ಹುಡುಗನ ಮೊದಲ ಬೇಟೆಯನ್ನು ಊರಿಗೆಲ್ಲ ಹಂಚಬೇಕು. ಇದಕ್ಕೆ ಒಳ್ಳೆಯತನ ಒಂದೇ ಕಾರಣವಲ್ಲ. ಇವತ್ತು ನನಗೆ ಸಿಕ್ಕಿತು, ನಾಳೆ ಸಿಗದಿರಬಹುದು. ನೆರೆಯವನ ಹೊಟ್ಟೆಗೆ ಹೋದದ್ದೇ ನಾಳೆಗೆ ಇಟ್ಟ ಗಂಟು.

ಸೀಲ್ ಕೊಂದ ಮೇಲೆ ಅದರ ಬಾಯಿಗೆ ಸಿಹಿನೀರು ಬಿಡುವ ಪದ್ಧತಿಯೂ ಇತ್ತು. ಉಪ್ಪುನೀರಿನಲ್ಲಿದ್ದ ಪ್ರಾಣಿಗೆ ಬಾಯಾರಿಕೆ ಎಂಬ ನಂಬಿಕೆ. ಸಮುದ್ರದ ತಳದಲ್ಲಿ ಸೆಡ್ನಾ ಎಂಬ ತಾಯಿ ಇದ್ದಾಳೆ, ಅವಳ ಕತ್ತರಿಸಿದ ಬೆರಳುಗಳೇ ಸೀಲ್, ವಾಲ್ರಸ್ (ಉದ್ದ ಕೋರೆಹಲ್ಲಿನ ಕಡಲ ಪ್ರಾಣಿ), ತಿಮಿಂಗಿಲಗಳಾದವು ಎಂದು ಕಥೆ. ಜನ ಕಟ್ಟಳೆ ಮೀರಿದರೆ ಅವಳ ಕೂದಲು ಸಿಕ್ಕುಗಟ್ಟುತ್ತದೆ, ಬೇಟೆ ಸಿಗದು. ಆಗ ಊರಿನ ಮಾಂತ್ರಿಕ ಮನಸ್ಸಿನಲ್ಲೇ ಕಡಲಾಳಕ್ಕೆ ಇಳಿದು ಅವಳ ತಲೆ ಬಾಚಿ ಬರಬೇಕು. ಬೆರಳಿಲ್ಲದವಳು ತಾನೇ ಬಾಚಿಕೊಳ್ಳುವುದು ಹೇಗೆ, ಅಲ್ವಾ?

## ಹೆಸರು, ಹಾಡು, ಅಕ್ಷರ

ಮಗುವಿಗೆ ತೀರಿಹೋದವರ ಹೆಸರಿಡುವುದು ರೂಢಿ. ನಮ್ಮಲ್ಲೂ ಮಗನಿಗೆ ಮಾವನ ಹೆಸರಿಟ್ಟ ಸೊಸೆ ಆ ಹೆಸರು ಹಿಡಿದು ಗದರಲು ಹಿಂಜರಿದು 'ಪುಟ್ಟ' ಎಂದೇ ಕರೆಯುವುದುಂಟು. ಅಲ್ಲಿ ಇದು ಇನ್ನೂ ಮುಂದೆ ಹೋಗುತ್ತದೆ. ಹೆಸರಿನ ಜೊತೆಗೆ ಸಂಬಂಧವೂ ಬರುತ್ತದೆ. ಅಜ್ಜಿ ತನ್ನ ಗಂಡನ ಹೆಸರಿನ ಮೊಮ್ಮಗುವನ್ನು 'ಗಂಡ' ಎಂದೇ ಕರೆಯಬಹುದು. ಹೆಸರಿಗೆ ಗಂಡು ಹೆಣ್ಣು ಎಂಬ ಭೇದವೂ ಇಲ್ಲ. ಹಿರಿಯರೇ ಮರಳಿದ್ದಾರೆ ಎಂಬ ಭಾವದಿಂದ ಮಕ್ಕಳನ್ನು ಜೋರಾಗಿ ಬೈಯುವುದೂ ಕಡಿಮೆ.

ಸಂಗೀತಕ್ಕೆ ಅಗಲವಾದ ಚರ್ಮದ ಡೋಲು. ಕೋಲಿನ ಪೆಟ್ಟು ಬೀಳುವುದು ಅದರ ಬಳೆಯ ಅಂಚಿಗೆ. ಗ್ರೀನ್‌ಲ್ಯಾಂಡ್‌ನಲ್ಲಿ ಜಗಳ ತೀರಿಸಲೂ ಡೋಲು ಹಿಡಿದು ಎದುರಾಳಿಯನ್ನು ಹಾಡಿನಲ್ಲೇ ಅಣಕಿಸುತ್ತಿದ್ದರು. ಸುತ್ತ ನಿಂತವರು ನಗುತ್ತಿದ್ದರು, ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿನ ಡೋಲಿನ ಹಾಡು ಕುಣಿತವನ್ನು 2021ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆನಡಾದ ಹೆಂಗಸರದು ಕತಜ್ಜಾಕ್. ಇಬ್ಬರು ಎದುರುಬದುರು ನಿಂತು ಗಂಟಲಿನಿಂದ ಒಬ್ಬರ ಸದ್ದಿಗೆ ಇನ್ನೊಬ್ಬರ ಸದ್ದು ಹೆಣೆಯುತ್ತಾರೆ. ಮೊದಲು ನಕ್ಕವರು ಸೋತಂತೆ.

ಪೂರ್ವ ಕೆನಡಾದ ಇನುಕ್ಟಿಟುಟ್ ಭಾಷೆಗೆ ಒಂದು ಲಿಪಿ ಇದೆ. 19ನೇ ಶತಮಾನದಲ್ಲಿ ಜೇಮ್ಸ್ ಎವಾನ್ಸ್ ಎಂಬ ಮಿಷನರಿ ಕೆನಡಾದ ಇನ್ನೊಂದು ಮೂಲನಿವಾಸಿ ಜನರ ಕ್ರೀ ಭಾಷೆಗೆ ಮಾಡಿದ್ದನ್ನು ಇನ್ನಿತರ ಮಿಷನರಿಗಳು ಇದಕ್ಕೆ ಹೊಂದಿಸಿದರು. ಎವಾನ್ಸ್‌ಗೆ ದೇವನಾಗರಿಯ ಪರಿಚಯ ಇತ್ತು, ಅದರ ಪ್ರಭಾವ ಈ ಲಿಪಿಯಲ್ಲಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಕಾಗುಣಿತ ಬಲ್ಲವರಿಗೆ ತಕ್ಷಣ ಹೊಳೆಯುತ್ತದೆ. ವ್ಯಂಜನಕ್ಕೆ ಒಂದು ಆಕಾರ. ಸ್ವರ ಬದಲಾದರೆ ನಮ್ಮಲ್ಲಿ ಗುಡಿಸು, ಕೊಂಬು ಸೇರುತ್ತವೆ, ಅಲ್ಲಿ ಆ ಆಕಾರವೇ ಬೇರೆ ದಿಕ್ಕಿಗೆ ತಿರುಗುತ್ತದೆ.

## ಕೈಯಲ್ಲಿ ಹಿಡಿಯುವ ಕಲೆ

ಊರೂರು ಅಲೆಯುವವರು ದೊಡ್ಡ ವಿಗ್ರಹ ಹೊತ್ತೊಯ್ಯಲಾರರು. ಹಳೆಯ ಇನುಯಿಟ್ ಕೆತ್ತನೆಗಳು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕವು. ವಾಲ್ರಸ್ ದಂತ, ಮೂಳೆ, ಕೊಂಬಿನಲ್ಲಿ ಮಾಡಿದ ಪ್ರಾಣಿಗಳು, ತಾಯತಗಳು, ಸೂಜಿಡಬ್ಬಿ. ಪೂರ್ವ ಗ್ರೀನ್‌ಲ್ಯಾಂಡ್‌ನಲ್ಲಿ 1880ರ ದಶಕದಲ್ಲಿ ಸಿಕ್ಕ ಮರದ ನಕ್ಷೆಗಳು ನನಗೆ ಬಹಳ ಇಷ್ಟ. ಕಡಲತೀರದ ಒಳಚಾಚು, ಹೊರಚಾಚುಗಳನ್ನೆಲ್ಲ ಮರದ ತುಂಡಿನ ಅಂಚಿನಲ್ಲಿ ಕೆತ್ತಿದ್ದಾರೆ. ಬೆರಳಾಡಿಸಿದರೆ ತೀರದ ಆಕಾರ ತಿಳಿಯುತ್ತದೆ.

ಇಂದು ಮ್ಯೂಸಿಯಂಗಳಲ್ಲಿ ಕಾಣುವ ದೊಡ್ಡ ಕಲ್ಲಿನ ಶಿಲ್ಪಗಳು ಹಾಗಾದರೆ ಎಲ್ಲಿಂದ ಬಂದವು? ಅದು ಇತ್ತೀಚಿನ ಕಥೆ. 1940ರ ದಶಕದ ಕೊನೆಯಲ್ಲಿ ಬಿಳಿ ನರಿಯ ತುಪ್ಪಳದ ಬೆಲೆ ಕುಸಿಯಿತು. ಅದನ್ನೇ ಮಾರಿ ಬಂದೂಕು, ಹಿಟ್ಟು, ಟೀ ಕೊಳ್ಳುತ್ತಿದ್ದ ಕುಟುಂಬಗಳು ಕಂಗಾಲಾದವು. 1948ರಲ್ಲಿ ಜೇಮ್ಸ್ ಹ್ಯೂಸ್ಟನ್ ಎಂಬ ಕಲಾವಿದ ಉತ್ತರ ಕೆನಡಾದ ಇನುಕ್ಜುವಾಕ್‌ಗೆ ಹೋದಾಗ ಅಲ್ಲಿನವರ ಸಣ್ಣ ಕೆತ್ತನೆಗಳನ್ನು ಕಂಡ. ಮರುವರ್ಷ ಮಾಂಟ್ರಿಯಲ್‌ನಲ್ಲಿ ಮಾರಾಟಕ್ಕಿಟ್ಟದ್ದೆಲ್ಲ ಕೆಲವೇ ದಿನಗಳಲ್ಲಿ ಖಾಲಿ. ಕೊಳ್ಳುವವರಿದ್ದಾರೆ ಎಂದಾದ ಮೇಲೆ ಕಲ್ಲೂ ದೊಡ್ಡದಾಯಿತು.

ನುನಾವುಟ್‌ನ ಕಿಂಗಾಯಿಟ್ ಊರಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ಹ್ಯೂಸ್ಟನ್ ಹೇಳುವ ಪ್ರಕಾರ, ಓಸುಯಿಟೊಕ್ ಇಪೀಲಿ ಎಂಬ ಕೆತ್ತನೆಗಾರ ಸಿಗರೇಟ್ ಪ್ಯಾಕುಗಳ ಮೇಲಿನ ನಾವಿಕನ ಚಿತ್ರ ನೋಡಿ, ಅದನ್ನೇ ಮತ್ತೆ ಮತ್ತೆ ಬರೆಯಲು ಯಾರಿಗಾದರೂ ಬೇಜಾರಾಗುವುದಿಲ್ಲವೇ ಎಂದು ಕೇಳಿದ. ಅಚ್ಚು ಹಾಕುವುದೆಂದರೇನು ಎಂದು ವಿವರಿಸಲು ಹ್ಯೂಸ್ಟನ್ ಕೆತ್ತಿದ ದಂತಕ್ಕೆ ಶಾಯಿ ಬಳಿದು ತೆಳು ಕಾಗದ ಒತ್ತಿ ತೋರಿಸಿದ. 1957ರಲ್ಲಿ ಅಚ್ಚಿನ ಕೆಲಸ ಶುರುವಾಯಿತು. ಹ್ಯೂಸ್ಟನ್ ಜಪಾನಿಗೆ ಹೋಗಿ ಅಲ್ಲಿನ ಮರದಚ್ಚಿನ ಕಲೆ ಕಲಿತು ಬಂದ. ಕಿಂಗಾಯಿಟ್‌ನಲ್ಲಿ ಮರ ಎಲ್ಲಿದೆ? ಅವರು ಕಲ್ಲಿನಲ್ಲೇ ಅಚ್ಚು ಕೆತ್ತಿದರು. ಕಲ್ಲಂತೂ ಅವರಿಗೆ ಗೊತ್ತಿದ್ದದ್ದೇ. 1959ರಿಂದ ಆ ಊರಿನ ಸಹಕಾರ ಸಂಘದ ಮೂಲಕ ಪ್ರತಿ ವರ್ಷ ಚಿತ್ರಗಳು ಹೊರಬರುತ್ತಿವೆ.

ಇವರಲ್ಲಿ ಹೆಚ್ಚು ಹೆಸರಾದವರು ಕೆನೊಜುವಾಕ್ ಆಶೆವಾಕ್. 1927ರಲ್ಲಿ ಇಗ್ಲೂನಲ್ಲಿ ಹುಟ್ಟಿದ ಹೆಂಗಸು. 1960ರ ಅವರ ಗೂಬೆಯ ಚಿತ್ರದಲ್ಲಿ ಗರಿಗಳು ಕಿರಣಗಳಂತೆ ಎಲ್ಲ ದಿಕ್ಕಿಗೂ ಚಾಚಿವೆ. 1970ರಲ್ಲಿ ಅದು ಕೆನಡಾದ ಅಂಚೆಚೀಟಿಯಾಯಿತು.

## ಒಂದೇ ತಲೆಮಾರಿನಲ್ಲಿ ಬದಲಾದದ್ದು

1950, 60ರ ದಶಕಗಳಲ್ಲಿ ಕೆನಡಾ ಸರ್ಕಾರ ಅಲೆಮಾರಿ ಕುಟುಂಬಗಳನ್ನು ಖಾಯಂ ಊರುಗಳಿಗೆ ಸೇರಿಸಿತು. ಮಕ್ಕಳನ್ನು ವಸತಿ ಶಾಲೆಗಳಿಗೆ ಕಳಿಸಲಾಯಿತು, ಅಲ್ಲಿ ಇಂಗ್ಲಿಷ್. ಅಧಿಕಾರಿಗಳಿಗೆ ಹೆಸರು ಬರೆದುಕೊಳ್ಳುವುದು ಕಷ್ಟ ಎಂದು ಪ್ರತಿಯೊಬ್ಬರಿಗೂ ಸಂಖ್ಯೆಯ ಬಿಲ್ಲೆ ಕೊಟ್ಟಿದ್ದರು. 1940ರ ದಶಕದಿಂದ 1970ರ ದಶಕದ ಆರಂಭದವರೆಗೂ ಅದು ನಡೆಯಿತು. ಹೆಸರಿನಲ್ಲೇ ಹಿರಿಯರನ್ನು ಕಾಣುವ ಜನರಿಗೆ ಸಂಖ್ಯೆ! 1953 ಮತ್ತು 1955ರಲ್ಲಿ ಇನುಕ್ಜುವಾಕ್‌ನ ಕುಟುಂಬಗಳನ್ನು ದೂರದ ಉತ್ತರದ ದ್ವೀಪಗಳಿಗೆ ಸಾಗಿಸಿದರು. ಅದಕ್ಕೆ ಸರ್ಕಾರ 2010ರಲ್ಲಿ ಕ್ಷಮೆ ಕೇಳಿತು. ಕ್ರೈಸ್ತ ಮಿಷನರಿಗಳ ಕಾಲದಲ್ಲಿ ಹೆಂಗಸರ ಮುಖದ ಹಚ್ಚೆ, ಗಂಟಲಿನ ಹಾಡು ನಿಂತುಹೋಗಿದ್ದವು. ಈಗಿನ ಯುವತಿಯರು ಎರಡನ್ನೂ ಮತ್ತೆ ಕಲಿಯುತ್ತಿದ್ದಾರೆ.

ಇಂದು ಯಾರೂ ಇಗ್ಲೂನಲ್ಲಿ ಸಂಸಾರ ಮಾಡುವುದಿಲ್ಲ. ಬೇಟೆಗೆ ಹೋದಾಗ ರಾತ್ರಿ ಕಳೆಯಲು ಕಟ್ಟುವವರಿದ್ದಾರೆ, ಅಷ್ಟೇ. ನಾಯಿಬಂಡಿಯ ಜಾಗಕ್ಕೆ ಬಹುಪಾಲು ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಮೋಟಾರು ಬಂಡಿ, ಬಂದಿದೆ. ನುನಾವುಟ್‌ನ ಊರುಗಳ ನಡುವೆ ರಸ್ತೆ ಇಲ್ಲದ್ದರಿಂದ ದಿನಸಿ ವಿಮಾನದಲ್ಲಿ, ಬೇಸಿಗೆಯಲ್ಲಿ ಹಡಗಿನಲ್ಲಿ ಬರುತ್ತದೆ, ಬೆಲೆ ವಿಪರೀತ. ಹಾಗಾಗಿ ಸೀಲ್, ಕ್ಯಾರಿಬೂ ಬೇಟೆ ಹಬ್ಬದ ನೆನಪಾಗಿ ಉಳಿದಿಲ್ಲ, ಊಟದ ಲೆಕ್ಕದಲ್ಲೇ ಇದೆ. ಯೂರೋಪ್ ಒಕ್ಕೂಟ 2009ರಲ್ಲಿ ಸೀಲ್ ಉತ್ಪನ್ನಗಳ ಮಾರಾಟವನ್ನು ನಿಷೇಧಿಸಿದಾಗ ಇನುಯಿಟ್ ಬೇಟೆಗೆ ವಿನಾಯಿತಿ ಕೊಟ್ಟಿತ್ತು. ಆದರೂ ಚರ್ಮ ಕೊಳ್ಳುವವರೇ ಕಡಿಮೆಯಾದರು, ಮಾರಿ ಪೆಟ್ರೋಲಿಗೆ ಹಣ ಮಾಡಿಕೊಳ್ಳುತ್ತಿದ್ದವರಿಗೆ ಏಟು ಬಿತ್ತು.

ಈಗಿನ ದೊಡ್ಡ ತೊಡಕು ಮಂಜುಗಡ್ಡೆಯದೇ. ಆರ್ಕ್ಟಿಕ್ ಇಡೀ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ ಎಂದು 2022ರ ಅಧ್ಯಯನವೊಂದು ಹೇಳಿದೆ. ಗಡ್ಡೆ ತಡವಾಗಿ ಕಟ್ಟುತ್ತದೆ, ಬೇಗ ಒಡೆಯುತ್ತದೆ. ಅಜ್ಜ ಹೇಳಿಕೊಟ್ಟ ದಾರಿ ಈ ವರ್ಷ ತೆಳುವಾಗಿರಬಹುದು. ಬೇಟೆಗಾರರು ಮೊದಲಿನಂತೆ ಕೋಲಿನಿಂದ ಕುಟ್ಟಿ ನೋಡುತ್ತಾರೆ. ಜೊತೆಗೆ 2019ರಿಂದ ಸಿಕು ಎಂಬ ಮೊಬೈಲ್ ಆ್ಯಪ್ ಇದೆ. ಎಲ್ಲಿ ಗಡ್ಡೆ ತೆಳು, ಎಲ್ಲಿ ಬಿರುಕು ಬಿಟ್ಟಿದೆ ಎಂದು ಕಂಡವರು ಅದರಲ್ಲಿ ಗುರುತು ಹಾಕುತ್ತಾರೆ, ಹಿಂದೆ ಬರುವವರು ನೋಡಿಕೊಂಡು ಬೇರೆ ದಾರಿ ಹಿಡಿಯುತ್ತಾರೆ.